ಓದುಗರ ಪ್ರಶ್ನೆ: ನನ್ನ ಸರದಿ ಯಾವಾಗ?

ಪ್ರಶ್ನೆ: ನನಗೆ 36 ವರ್ಷ. ಸುಂಟಿಕೊಪ್ಪದ ಹತ್ತಿರ ಎಂಟು ಎಕರೆ ಕಾಫಿ ತೋಟ, ನಾನೇ ನೋಡಿಕೊಳ್ಳುತ್ತೇನೆ. ಮದುವೆಯಾಗಿಲ್ಲ. ಕುಶಾಲನಗರದಲ್ಲಿ ಕೆಲಸ ಮಾಡುವ ಒಬ್ಬರನ್ನು ಒಂದು ವರ್ಷದಿಂದ ಇಷ್ಟಪಡುತ್ತಿದ್ದೇನೆ, ಅವರಿಗೂ ಇಷ್ಟ. ಅವರಿಗೆ 33, ಡೈವರ್ಸ್ ಆಗಿದೆ, ಏಳು ವರ್ಷದ ಮಗಳಿದ್ದಾಳೆ. ಭೇಟಿಯಾಗೋಣ ಅಂತ ಹೊರಟಾಗಲೆಲ್ಲ ಏನಾದರೊಂದು ಅಡ್ಡ ಬರುತ್ತದೆ. ಈ ಮಳೆಗಾಲದಲ್ಲೇ ಮೂರು ಸಲ ಕ್ಯಾನ್ಸಲ್. ಒಮ್ಮೆ ಮಗಳಿಗೆ ಜ್ವರ, ಒಮ್ಮೆ ಸ್ಕೂಲಿಗೆ ಮಳೆ ರಜೆ, ಒಮ್ಮೆ ಮಗಳು ಅಮ್ಮನನ್ನು ಬಿಟ್ಟಿರಲ್ಲ ಅಂತ ಅತ್ತಳಂತೆ. ತಿಂಗಳಲ್ಲಿ ಎರಡು ಭಾನುವಾರ ಮಗುವಿನ ಅಪ್ಪ ಮೈಸೂರಿನಿಂದ ಬರುತ್ತಾರೆ, ಆವತ್ತು ನಾನು ಫೋನ್ ಕೂಡ ಮಾಡುವ ಹಾಗಿಲ್ಲ. ಮಗಳು ಮೊದಲು ನನ್ನ ಜೊತೆ ಚೆನ್ನಾಗಿಯೇ ಇದ್ದಳು. ದುಬಾರೆಗೆ ಆನೆ ನೋಡಲು ಕರೆದುಕೊಂಡು ಹೋಗುತ್ತೇನೆ ಅಂದಿದ್ದೆ, ಕೆಲಸದ ಗಡಿಬಿಡಿಯಲ್ಲಿ ಆಗಲಿಲ್ಲ, ಈಗ ನನ್ನನ್ನು ಕಂಡರೆ ಒಳಗೆ ಹೋಗಿಬಿಡುತ್ತಾಳೆ. ನಮ್ಮಮ್ಮ ಬೇರೆ "ಯಾರದ್ದೋ ಮಗುವನ್ನು ಸಾಕಿ ಕೊನೆಗೆ ತೋಟವನ್ನೂ ಅವಳಿಗೇ ಕೊಡ್ತೀಯಾ" ಅಂತ ದಿನಾ ಶುರು ಮಾಡುತ್ತಾರೆ. ನಾನು ಯಾವಾಗಲೂ ಎರಡನೆಯವನೇನಾ? ನನ್ನ ಸರದಿ ಯಾವಾಗ?

ಉತ್ತರ: ಎರಡನೆಯವರೇ. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ? ಮಗಳಿಗೆ ಏಳು ವರ್ಷ. ಇನ್ನೂ ಹತ್ತು ವರ್ಷ, ಅವಳಿಗೆ ಜ್ವರ ಬಂದ ದಿನ, ಪರೀಕ್ಷೆ ಇದ್ದ ದಿನ, ಗೆಳತಿ ಜೊತೆ ಜಗಳ ಆಡಿ ಮುಖ ಊದಿಸಿಕೊಂಡು ಬಂದ ದಿನ ನೀವು ಎರಡನೆಯವರೇ. ಅದು ನನ್ನಿಂದ ಆಗದು ಅನ್ನಿಸಿದರೆ ಈಗಲೇ ಹೇಳಿ ಹೊರಡಿ. ಅದರಲ್ಲಿ ತಪ್ಪಿಲ್ಲ. ಎರಡು ವರ್ಷ ಎಳೆದಾಡಿ, ಮಗು ಒಗ್ಗಿಕೊಂಡ ಮೇಲೆ ಹೋಗುವುದು ತಪ್ಪು.

ಹೊರಡುವುದಿಲ್ಲ ಅಂತಾದರೆ ಮುಂದೆ ಓದಿ.

ನೀವು ಮೂರು ಕ್ಯಾನ್ಸಲ್‌ಗಳನ್ನು ಲೆಕ್ಕ ಇಟ್ಟಿದ್ದೀರಿ, ಸರಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನೀವು ಅವರನ್ನು ಎಷ್ಟು ಸಲ ನೋಡಿದಿರಿ ಅಂತ ಮಾತ್ರ ಬರೆದಿಲ್ಲ. ನಾನೂ ತೋಟದ ಮನೆಯಲ್ಲೇ ಬೆಳೆದವಳು. ಅರೇಬಿಕಾ ಮುಗಿಯಿತು ಅನ್ನುವಷ್ಟರಲ್ಲಿ ರೋಬಸ್ಟಾ ಕೊಯ್ಲು, ಕೂಲಿಯವರು ಇವತ್ತು ಬಂದರೆ ನಾಳೆ ಇಲ್ಲ, ಕಣದಲ್ಲಿ ಕಾಫಿ ಹರಡಿದ್ದಾಗ ಮೋಡ ಕವಿದರೆ ಊಟದ ತಟ್ಟೆ ಬಿಟ್ಟು ಟಾರ್ಪಾಲು ಹಿಡಿದು ಓಡಬೇಕು, ಕೊಯ್ಲು ಮುಗಿದರೂ ಬಿಡುವಿಲ್ಲ, ಹೂಮಳೆ ಬರುತ್ತದೋ ಇಲ್ಲವೋ ಅಂತ ಆಕಾಶ ನೋಡುತ್ತಾ, ಬಾರದಿದ್ದರೆ ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಪೈಪು ಬದಲಾಯಿಸುತ್ತಾ ಇರಬೇಕು. ಆ ನಾಲ್ಕು ತಿಂಗಳು ಅವರು ನಿಮ್ಮನ್ನು "ನನ್ನ ಸರದಿ ಯಾವಾಗ" ಅಂತ ಕೇಳಿದರಾ? ಕಾಫಿ ಕಾಯುವುದಿಲ್ಲ ಅಂತ ನಿಮಗೆ ಗೊತ್ತು, ಅವರಿಗೂ ಗೊತ್ತು. ಮಗುವೂ ಕಾಯುವುದಿಲ್ಲ, ಅಷ್ಟೇ ವ್ಯತ್ಯಾಸ. ಅದಕ್ಕೆ ಸೀಸನ್ ಅನ್ನುವುದೂ ಇಲ್ಲ.

ಮಳೆ ರಜೆಯನ್ನು ನೀವು ನೆಪದ ಪಟ್ಟಿಗೆ ಸೇರಿಸಿದ್ದು ನೋಡಿ ನನಗೆ ನಿಜವಾಗಿ ಸಿಟ್ಟು ಬಂತು. ಆ ಬೆಳಗ್ಗೆಯನ್ನು ಒಂದು ಸಲ ಅವರ ಮನೆಯೊಳಗಿಂದ ನೋಡಿ. ಐದೂವರೆಗೆ ಎದ್ದು, ಕರೆಂಟ್ ಇಲ್ಲದೆ ಮೊಬೈಲ್ ಟಾರ್ಚಿನಲ್ಲಿ ಅಕ್ಕಿರೊಟ್ಟಿ ಬೇಯಿಸಿ, ಒಣಗದ ಯೂನಿಫಾರಂ ಅನ್ನು ಒಲೆಯ ಹತ್ತಿರ ಹಿಡಿದು, ಮಗಳಿಗೆ ಜಡೆ ಹಾಕಿ, ರೈನ್‌ಕೋಟಿನ ಗುಂಡಿ ಹಾಕುತ್ತಿರುವಾಗ ಫೋನಿನಲ್ಲಿ ಮೆಸೇಜ್ ಬರುತ್ತದೆ. ಜಿಲ್ಲಾಧಿಕಾರಿಗಳ ಆದೇಶ, ಭಾರಿ ಮಳೆ, ಇಂದು ಶಾಲೆಗಳಿಗೆ ರಜೆ. ಮಗಳು ಕುಣಿಯುತ್ತಾಳೆ. ಅಮ್ಮನ ಕೆಲಸಕ್ಕೆ ರಜೆ ಇಲ್ಲವಲ್ಲ. ಪಕ್ಕದ ಮನೆಯ ಆಂಟಿಯನ್ನು ಕೇಳಬೇಕು, ಅವರು ಹೋದ ವಾರವೇ ಎರಡು ದಿನ ನೋಡಿಕೊಂಡಿದ್ದಾರೆ, ಮತ್ತೆ ಕೇಳಲು ಮುಜುಗರ. ಕೆಲಸದ ಕಡೆ ಫೋನ್ ಮಾಡಿ ತಡವಾಗುತ್ತದೆ ಅನ್ನಬೇಕು. ಇಷ್ಟೆಲ್ಲ ಆದ ಮೇಲೆ ನಿಮಗೆ "ಸಾರಿ, ಇವತ್ತು ಆಗಲ್ಲ" ಅಂತ ಕಳಿಸುತ್ತಾರೆ. ನೀವು ಅದಕ್ಕೆ "ಓಕೆ" ಅಂತ ಒಂದೇ ಶಬ್ದ ಹಾಕಿದಿರಾ? ನನ್ನ ಊಹೆ, ಹಾಕಿದ್ದೀರಿ.

ಭಾನುವಾರದ ವಿಷಯ. ಅಪ್ಪ ಮಗಳನ್ನು ನೋಡಲು ಬರುವುದು ಕೋರ್ಟಿನಲ್ಲಿ ತೀರ್ಮಾನ ಆಗಿದ್ದಿರಬಹುದು, ಇಬ್ಬರೂ ಮಾತಾಡಿಕೊಂಡದ್ದೂ ಇರಬಹುದು. ಎರಡರಲ್ಲಿ ಯಾವುದಾದರೂ ಅದು ಮಗಳ ದಿನ. ನೀವು ಫೋನ್ ಮಾಡಬಾರದು ಅಂದರೆ ಅವರಿಗೆ ಹಳೆಯ ಗಂಡನ ಮೇಲೆ ಪ್ರೀತಿ ಉಳಿದಿದೆ ಅಂತಲ್ಲ. ಮಗು ಯಾರ ಬಳಿ ಇರಬೇಕು ಅನ್ನುವ ಜಗಳ ಎದ್ದರೆ ನಿಮ್ಮ ಹೆಸರೇ ಮೊದಲು ಎಳೆಯಲ್ಪಡುತ್ತದೆ, ಆ ಹೆದರಿಕೆ ಅವರಿಗಿದೆ. ತಿಂಗಳಿಗೆ ಎರಡು ಭಾನುವಾರ ಸುಮ್ನೆ ಇರಿ, ಕಾಳುಮೆಣಸಿನ ಬಳ್ಳಿ ಕಟ್ಟುವ ಕೆಲಸವಾದರೂ ಆಗುತ್ತದೆ.

ಈಗ ದುಬಾರೆಗೆ ಬರೋಣ. ನಿಮ್ಮ ಇಡೀ ಪತ್ರದಲ್ಲಿ ನನಗೆ ಚುಚ್ಚಿದ್ದು ಅದೊಂದೇ ಸಾಲು, ನೀವೋ ಅದನ್ನು ಹಾಗೇ ದಾಟಿಕೊಂಡು ಹೋಗಿದ್ದೀರಿ. ಅವರು ನಿಮಗೆ ಕ್ಯಾನ್ಸಲ್ ಮಾಡಿದ್ದು ಮೂರು ಸಲ, ನೀವು ಆ ಮಗುವಿಗೆ ಕ್ಯಾನ್ಸಲ್ ಮಾಡಿದ್ದು ಒಂದೇ ಸಲ. ಆದರೆ ಅವಳಿಗೆ ಅದಕ್ಕೆ ಮುಂಚೆಯೇ ಒಬ್ಬ ದೊಡ್ಡವರು ಮನೆ ಬಿಟ್ಟು ಹೋಗಿದ್ದಾರಲ್ಲ. "ಬರುತ್ತೇನೆ" ಅಂದವರು ಬರುವುದಿಲ್ಲ ಅಂತ ಅವಳ ಲೆಕ್ಕ, ನೀವು ಹೋಗಿ ಅದಕ್ಕೆ ಸಹಿ ಹಾಕಿದಿರಿ. ಹೋಗಲಿ, ದುಬಾರೆ ಅಂತ ಹೇಳುವಾಗ ಯಾವ ತಿಂಗಳು ಅಂತ ನೋಡಿದಿರಾ? ಕಾವೇರಿ ತುಂಬಿ ಹರಿಯುವಾಗ ಅಲ್ಲಿಗೆ ಹೊಳೆ ದಾಟಿಸುವ ದೋಣಿಯನ್ನೇ ನಿಲ್ಲಿಸಿರುತ್ತಾರೆ. ಹುಟ್ಟಿ ಬೆಳೆದ ಊರಿನ ಮಳೆಯನ್ನೇ ಮರೆತು ಮಾತು ಕೊಟ್ಟರೆ ಹೇಗೆ?

ಇದನ್ನು ಇಷ್ಟು ಜೋರಾಗಿ ಹೇಳಲು ಕಾರಣ ಇದೆ. ನನಗೆ ಆರು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಹತ್ತು ವರ್ಷವಾಗುವ ಹೊತ್ತಿಗೆ ಅಮ್ಮನನ್ನು ನೋಡಲು ಒಬ್ಬರು ಬರತೊಡಗಿದರು, ಪಕ್ಕದ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದವರು. ಬಂದಾಗಲೆಲ್ಲ ಚಾಕಲೇಟ್ ತರುತ್ತಿದ್ದರು. ನಾನು ತೆಗೆದುಕೊಂಡು ನಾಯಿಗೆ ಹಾಕುತ್ತಿದ್ದೆ. ಜೂನ್ ತಿಂಗಳು, ಶಾಲೆ ಶುರುವಾಗಿತ್ತು, ಅಮ್ಮನಿಗೆ ಬಿಡುವಿಲ್ಲ, ನನ್ನ ಪುಸ್ತಕಕ್ಕೆಲ್ಲ ಬೈಂಡ್ ಹಾಕುವುದು ಬಾಕಿ. ಅವರು ಬಂದವರು ಜಗಲಿಯಲ್ಲಿ ಚಾಪೆ ಹಾಕಿ ಕೂತು, ಕಂದು ಕಾಗದ ಅಳೆದು ಕತ್ತರಿಸಿ, ಒಂದೊಂದಕ್ಕೂ ಬೈಂಡ್ ಹಾಕಿದರು. ಮೂಲೆ ಮಡಚುವುದರಲ್ಲಿ ಎಸ್ಟೇಟಿನ ಲೆಕ್ಕದ ಪುಸ್ತಕದ ಕೈ ಗೊತ್ತಾಗುತ್ತಿತ್ತು. ಆಮೇಲೆ ಲೇಬಲ್ ಅಂಟಿಸಿ, ಪೆನ್ ತೆಗೆದು, ನನ್ನ ಹೆಸರು ಬರೆದು ನಿಲ್ಲಿಸಿ ಕೇಳಿದರು: "ಇನಿಷಿಯಲ್ ಯಾವುದು ಹಾಕಲಿ?"

ನಾನು ನನ್ನ ಅಪ್ಪನದ್ದು ಅಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದೆ. ಅವರು ಹನ್ನೊಂದು ಪುಸ್ತಕಕ್ಕೂ ಅದನ್ನೇ ಗುಂಡಗೆ ಬರೆದರು. ಆಮೇಲೆ ಚಾಕಲೇಟ್ ನಾಯಿಗೆ ಹೋಗಲಿಲ್ಲ.

ನಮ್ಮ ಕಡೆ ಮಕ್ಕಳನ್ನು ಕಂಡರೆ ಮೊದಲು ಕೇಳುವುದೇ "ಯಾವ ಮನೆಯವಳು" ಅಂತ. ಹಾಗಾಗಿ ಈ ಹೆಸರಿನ ಪ್ರಶ್ನೆ ಮುಂದೆ ನಿಮಗೂ ಬರುತ್ತದೆ. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ಗಂಡ ತೀರಿಕೊಂಡ ಮೇಲೆ ಮರುಮದುವೆಯಾದ ತಾಯಿ ತನ್ನ ಮಗುವಿನ ಸರ್‌ನೇಮ್ ಏನಿರಬೇಕು ಅಂತ ತಾನೇ ತೀರ್ಮಾನಿಸಬಹುದು ಅಂತ ಹೇಳಿದೆ. ನಿಮ್ಮ ವಿಷಯ ಬೇರೆ, ಇಲ್ಲಿ ಅಪ್ಪ ಇದ್ದಾರೆ, ಬರುತ್ತಾರೆ, ಹೋಗುತ್ತಾರೆ. ಅವಳ ಹೆಸರಿನ ತಂಟೆಗೆ ಹೋಗಬೇಡಿ.

ಕಾನೂನಿನ ಮಾತು ಬಂದಿದ್ದಕ್ಕೆ ಇನ್ನೆರಡು ವಿಷಯ. ಮದುವೆಯ ಯೋಚನೆ ಇದ್ದರೆ ಡಿಕ್ರಿ, ಅಂದರೆ ಕೋರ್ಟಿನ ಡೈವರ್ಸ್ ಆದೇಶ, ಆಗಿದೆಯಾ ಅಂತ ನೇರವಾಗಿ ಕೇಳಿ. ನಮ್ಮಲ್ಲಿ ಬೇರೆ ಬೇರೆ ಇದ್ದರೂ "ಡೈವರ್ಸ್ ಆಗಿದೆ" ಅನ್ನುವವರು ಬೇಕಾದಷ್ಟು ಜನ. ಹಿಂದೂ ವಿವಾಹ ಕಾಯ್ದೆಯ 15ನೇ ಕಲಂ ಪ್ರಕಾರ ಡಿಕ್ರಿ ಬಂದ ಮೇಲೂ ಮೇಲ್ಮನವಿಯ ಅವಧಿ ಮುಗಿದಿರಬೇಕು, ಹಾಕಿದ್ದರೆ ಅದು ವಜಾ ಆಗಿರಬೇಕು, ಆಮೇಲೆಯೇ ಮರುಮದುವೆ. ಇನ್ನು ನಿಮ್ಮಮ್ಮನ ತೋಟದ ಚಿಂತೆ. ನೀವು ಮದುವೆಯಾದ ಮಾತ್ರಕ್ಕೆ ಆ ಮಗು ಕಾನೂನಿನ ಪ್ರಕಾರ ನಿಮ್ಮ ಮಗಳು ಆಗುವುದಿಲ್ಲ, ನಿಮ್ಮ ಆಸ್ತಿಗೆ ನೇರ ವಾರಸುದಾರಳೂ ಆಗುವುದಿಲ್ಲ. ದತ್ತು ತೆಗೆದುಕೊಳ್ಳುತ್ತೇನೆ ಅಂದರೆ ಅವಳ ಅಪ್ಪನ ಒಪ್ಪಿಗೆ ಬೇಕು. ಏನಾದರೂ ಕೊಡಬೇಕು ಅನ್ನಿಸಿದರೆ ನೀವೇ ವಿಲ್ ಬರೆಯಬೇಕು. ಜಮ್ಮಾ ಜಾಗ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮೀನು), ಕುಟುಂಬದ ಪಾಲು ಅಂತೆಲ್ಲ ಇದ್ದರೆ ಮಡಿಕೇರಿಯಲ್ಲಿ ಒಬ್ಬ ವಕೀಲರನ್ನು ಕೇಳಿ. ಅಮ್ಮನಿಗೆ ಇಷ್ಟು ಹೇಳಿದರೆ ಅರ್ಧ ಜಗಳ ನಿಲ್ಲಬಹುದು. ಉಳಿದರ್ಧ ತೋಟದ್ದಲ್ಲ, ಜನ ಏನಂತಾರೆ ಅನ್ನುವುದು. ಅದಕ್ಕೆ ನನ್ನ ಬಳಿ ಮದ್ದಿಲ್ಲ. ಮಡಿಕೇರಿಯಲ್ಲಿ ಇಬ್ಬರು ಕೂತು ಕಾಫಿ ಕುಡಿದರೆ ಬಿಲ್ ಬರುವ ಮೊದಲು ಸುದ್ದಿ ಊರು ಸೇರಿರುತ್ತದೆ. ಆದರೆ ಆ ಸುದ್ದಿಯಲ್ಲಿ ನೀವು ಬರೀ "ಪಾಪದ ಹುಡುಗ", 36 ಆದರೂ. ಅವರಿಗೆ ಏನೇನು ಹೆಸರು ಇಡುತ್ತಾರೆ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅದಕ್ಕೇ ಅವರ ಕೆಲಸದ ಗೇಟಿನ ಮುಂದೆ ಜೀಪು ನಿಲ್ಲಿಸಬೇಡಿ, ಸ್ಟೇಟಸ್‌ನಲ್ಲಿ ಫೋಟೋ ಹಾಕಬೇಡಿ.

ಈಗ ಮಾಡಬಹುದಾದದ್ದು: ಸಂಜೆಯ ಭೇಟಿ ಕೇಳುವುದನ್ನು ಬಿಡಿ. ಸಂಜೆ ಅಂದರೆ ಹೋಂವರ್ಕ್, ಸ್ನಾನ, ಊಟ. ಅವರ ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧ ಗಂಟೆ ಸಿಗುತ್ತದಾ ಅಂತ ಕೇಳಿ, ರಾತ್ರಿ ಮಗಳು ಮಲಗಿದ ಮೇಲೆ ಫೋನ್ ಮಾಡಿ. ಮಳೆ ರಜೆ ಬಂದರೆ "ಏನಾದರೂ ಬೇಕಾ, ತಂದು ಕೊಟ್ಟು ಹೋಗ್ತೀನಿ" ಅಂತ ಬರೆಯಿರಿ, ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ. ಮಗಳಿಗೆ ದುಬಾರೆ ತಪ್ಪಿಸಿದ್ದಕ್ಕೆ ಸಾರಿ ಕೇಳಿ, ಗೊಂಬೆ ಹಿಡಿದುಕೊಂಡು ಅಲ್ಲ, ಬರೀ ಕೈಯಲ್ಲಿ. ಹೊಸ ಮಾತು ಕೊಡಬೇಡಿ. ಮಳೆ ನಿಂತು, ದೋಣಿ ಶುರುವಾಗಿ, ಕೊಯ್ಲಿಗೆ ಇನ್ನೂ ಸಮಯ ಇರುವಾಗ ಅವಳ ಅಮ್ಮನನ್ನು ಕೇಳಿ ದಿನ ಗೊತ್ತು ಮಾಡಿ, ಅವತ್ತು ಆಕಾಶ ಕೆಳಗೆ ಬಿದ್ದರೂ ಹೋಗಿ.

ಪ್ರಶ್ನೆ: ನಾನು ವಿರಾಜಪೇಟೆಯವಳು, ಗಂಡ ಇಲ್ಲ, ಹನ್ನೆರಡು ವರ್ಷದ ಮಗನಿದ್ದಾನೆ. ಎಂಟು ತಿಂಗಳಿಂದ ಒಬ್ಬರು ಪರಿಚಯ. ಹುತ್ತರಿಗೆ (ನಮ್ಮ ಕೊಡಗಿನ ಸುಗ್ಗಿ ಹಬ್ಬ) ಮನೆಗೆ ಕರೆದು ಮಗನಿಗೆ ಪರಿಚಯಿಸಲಾ?

ಉತ್ತರ: ಹುತ್ತರಿಗೆ ಮಾತ್ರ ಬೇಡ ಮಾರಾಯ್ತಿ! ಕುಟುಂಬದವರೆಲ್ಲ ಸೇರಿ, ಗುಂಡು ಹಾರಿಸಿ, "ಪೊಲಿ ಪೊಲಿ ದೇವಾ" ಅಂತ ಕದಿರು ತೆಗೆಯುವ ರಾತ್ರಿ ಹೊಸಬರೊಬ್ಬರು ನಿಮ್ಮ ಪಕ್ಕ ನಿಂತರೆ ಅದು ಪರಿಚಯ ಅಲ್ಲ, ಘೋಷಣೆ. ಅದೂ ಅಲ್ಲದೆ ಆ ರಾತ್ರಿ ಮಗನಿಗೆ ಅಪ್ಪನ ನೆನಪು ಬರದೇ ಇರುತ್ತದಾ? ಮೊದಲು ಮಗನೊಬ್ಬನಿಗೇ ಹೇಳಿ, ಬೇರೆಯವರ ಬಾಯಿಂದ ಅವನಿಗೆ ಗೊತ್ತಾಗಬಾರದು. ಆಮೇಲೆ ಹೊರಗೆಲ್ಲಾದರೂ ಒಂದು ಗಂಟೆ, ಹಗಲು ಹೊತ್ತು. "ಇವರು ಇನ್ಮೇಲೆ ನಿನ್ನಪ್ಪ ಇದ್ದ ಹಾಗೆ" ಅನ್ನುವ ಮಾತು ಬೇಡವೇ ಬೇಡ. ಇನ್ನೊಂದು, ಇದನ್ನು ಯಾರ ಮೇಲೂ ಅನುಮಾನಪಟ್ಟು ಹೇಳುತ್ತಿಲ್ಲ. ಎಷ್ಟೇ ಒಳ್ಳೆಯವರಾಗಿರಲಿ, ಮೊದಮೊದಲು ಮಗನನ್ನು ಅವರೊಬ್ಬರ ಜೊತೆ ಬಿಟ್ಟು ಹೋಗಬೇಡಿ, ಮಗ ಏನಾದರೂ ಹೇಳಲು ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿ. 1098 ಮಕ್ಕಳ ಸಹಾಯವಾಣಿ ನಂಬರ್ ಅಂತ ಅವನಿಗೂ ಗೊತ್ತಿರಲಿ. ಒಳ್ಳೆಯವರಾದರೆ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಅದೂ ಒಂದು ಉತ್ತರವೇ.

ಪ್ರಶ್ನೆ: ಮಗುವಿರುವವರನ್ನು ಮದುವೆಯಾಗಿ ನಾಲ್ಕು ವರ್ಷ ಆಯಿತು. ಎಲ್ಲ ಚೆನ್ನಾಗಿದೆ, ಆದರೆ ಮಗು ಇನ್ನೂ ನನ್ನನ್ನು ಅಪ್ಪ ಅಂತ ಕರೆಯುತ್ತಿಲ್ಲ. ಏನು ಮಾಡಲಿ? (ಸೋಮವಾರಪೇಟೆ)

ಉತ್ತರ: ಏನೂ ಮಾಡಬೇಡಿ. ನನ್ನ ಪುಸ್ತಕಕ್ಕೆ ಬೈಂಡ್ ಹಾಕಿದ ಆ ರೈಟರನ್ನು ನಾನು ಕೊನೆಯವರೆಗೂ ಮಾಮ ಅಂತಲೇ ಕರೆದೆ. ವಯಸ್ಸಾದ ಮೇಲೆ ಒಂದು ಸಲ ಆಸ್ಪತ್ರೆಗೆ ಸೇರಿಸುವಾಗ ಫಾರಂನಲ್ಲಿ ರೋಗಿಗೆ ನೀವು ಏನಾಗಬೇಕು ಅನ್ನುವ ಕಡೆ ನಾನು "ಮಗಳು" ಅಂತ ಬರೆದು, ಕೆಳಗೆ ಹೆಸರು ಹಾಕಿ ಕೊಟ್ಟೆ. ಅವರು ಮಲಗಿದಲ್ಲೇ ಕನ್ನಡಕ ಕೇಳಿ ಹಾಕಿಕೊಂಡು, ಮೇಲಿಂದ ಕೆಳಗೆ ಪೂರ್ತಿ ಓದಿ, ಇನಿಷಿಯಲ್ ಬಿಟ್ಟಿದ್ದೀಯಲ್ಲ ಅಂದರು.