ಆರ್‌ಸಿ ಇಲ್ಲದ ಹಳೇ ಟ್ರ್ಯಾಕ್ಟರ್ ಟ್ರೇಲರ್ ತಗೊಂಡಿದ್ದೀನಿ, ನನ್ನ ಹೆಸರಿಗೆ ಮಾಡಿಸೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕಂತು. ಅರವತ್ತು ಸಾವಿರಕ್ಕೆ ಟ್ರೇಲರ್ ತಗೊಂಡಿದ್ದೀರಿ, ಆರ್‌ಸಿ ಕೈಗೆ ಬಂದಿಲ್ಲ. ಮಾರಿದವರು ಇವತ್ತು ನಾಳೆ ಅಂತಿದ್ದಾರೆ. ಏಜೆಂಟ್ ಒಬ್ಬ ಇಪ್ಪತ್ತು ಸಾವಿರ ಕೊಟ್ಟರೆ ಹೊಸ ಗಾಡಿ ಅಂತಲೇ ರಿಜಿಸ್ಟರ್ ಮಾಡಿಸ್ತೀನಿ ಅಂದಿದ್ದಾನೆ. ಕೊಡಲಾ, ಇಲ್ಲ ಒಂದು ಅಫಿಡವಿಟ್ ಮಾಡಿಸಿದ್ರೆ ಸಾಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಯಾಕೆ ಅಂತ ಹೇಳೋಕೆ ನನ್ನ ಕಥೆಯನ್ನೇ ಹೇಳಬೇಕು.

ನಮ್ಮದು ಮುಧೋಳ ಕಡೆ, ಕಬ್ಬಿನ ಊರು. 2018ರಲ್ಲಿ ನಮ್ಮ ಟ್ರೇಲರ್‌ನ ಆಕ್ಸಲ್ ಹೋಗಿತ್ತು, ರಿಪೇರಿಗೆ ಹಾಕೋ ದುಡ್ಡಿಗೆ ಇನ್ನೊಂದು ಹಳೇದು ಬರುತ್ತೆ ಅಂತ ಎಲ್ಲರೂ ಹೇಳಿದರು. ದಸರಾ ಹತ್ತಿರ ಬಂದಿತ್ತು. ದಸರಾ ಮುಗಿದರೆ ಕಬ್ಬಿನ ಹಂಗಾಮು ಶುರು. ಫ್ಯಾಕ್ಟರಿ ಜೊತೆ ಸಾಗಾಣಿಕೆ ಕರಾರು ಮಾಡಿಕೊಳ್ಳಬೇಕು, ಕಡಿಯೋ ಗ್ಯಾಂಗಿಗೆ ಮುಂಗಡ ಕೊಡಬೇಕು. ಆ ಗಡಿಬಿಡಿಯಲ್ಲಿ ಒಬ್ಬ ದಲಾಲಿ ಮೂಲಕ ಟ್ರೇಲರ್ ಸಿಕ್ಕಿತು. ಕೆಂಪು ಬಣ್ಣ, ನಾಲ್ಕು ಚಕ್ರ, ಟೈರ್ ಚೆನ್ನಾಗಿದ್ದವು. ಎಂಬತ್ತೈದು ಸಾವಿರ. ಮಾರುವವನು ಆರ್‌ಸಿ ಬಗ್ಗೆ ಕೇಳಿದಾಗ ಹೇಳಿದ್ದು ಇಷ್ಟೇ: "ಏ, ಆರ್‌ಸಿ ಎಲ್ಲಿ ಹೋಗ್ತೈತ್ರಿ? ಫೈನಾನ್ಸ್‌ದಾಗ ಐತಿ, ಎಂಟ ದಿನದಾಗ ಮನಿಗೆ ತಂದ ಕೊಡ್ತೀನಿ."

ಪೂರ್ತಿ ದುಡ್ಡು ಕೊಟ್ಟೆ. ಆದರೆ ನನಗೆ ನಿಜವಾಗಿ ಮುಳುವಾಗಿದ್ದು ಅದಲ್ಲ. ಇದನ್ನು ಸ್ವಲ್ಪ ಉದ್ದ ಹೇಳ್ತೀನಿ, ದಯವಿಟ್ಟು ಓದಿ.

ಅವತ್ತು ನೂರು ರೂಪಾಯಿ ಬಾಂಡ್ ಪೇಪರ್ ಮೇಲೆ ಕರಾರು ಬರೆಸಿದ್ದೆವು. ಇಬ್ಬರು ಸಾಕ್ಷಿ, ಇಬ್ಬರ ಸಹಿ, ಎಲ್ಲ ಇತ್ತು. ಅದರಲ್ಲಿ ಟ್ರೇಲರ್ ಬಗ್ಗೆ ಇದ್ದದ್ದು ಒಂದೇ ಸಾಲು: "ಕೆಂಪು ಬಣ್ಣದ ನಾಲ್ಕು ಚಕ್ರದ ಹಳೆಯ ಟ್ರೇಲರ್ ಒಂದು." ಚಾಸಿ ನಂಬರ್, ಅಂದರೆ ಟ್ರೇಲರ್‌ನ ಕಬ್ಬಿಣದಲ್ಲೇ ಹೊಡೆದಿರುವ ಗುರುತಿನ ನಂಬರ್, ಬರೆಸಲಿಲ್ಲ. ಸಂಜೆಯಾಗಿತ್ತು, ಟ್ರೇಲರ್‌ನ ಮುಂದಿನ ಮೂಕಿ (ಟ್ರ್ಯಾಕ್ಟರ್‌ಗೆ ಸಿಕ್ಕಿಸೋ ಕಬ್ಬಿಣದ ಭಾಗ) ಪೂರ್ತಿ ಕೆಸರು ಮೆತ್ತಿಕೊಂಡಿತ್ತು, ದಲಾಲಿಗೆ ಬಸ್ಸಿಗೆ ಹೊತ್ತಾಗಿತ್ತು. ನಂಬರ್ ನಾಳೆ ನೋಡಿದರಾಯ್ತು ಅಂದುಕೊಂಡೆ. ಹಿಂದಿನ ನಂಬರ್ ಪ್ಲೇಟ್ ಕೂಡ ಇರಲಿಲ್ಲ, ಎರಡು ಬೋಲ್ಟ್ ಮಾತ್ರ ಇದ್ದವು. ಸಾಲದ್ದಕ್ಕೆ ಆಯುಧ ಪೂಜೆಗೆ ಅಂತ ಮರುವಾರವೇ ಟ್ರೇಲರ್‌ಗೆ ನೀಲಿ ಬಣ್ಣ ಹೊಡೆಸಿದೆ. ಅಂದರೆ ಕರಾರಿನಲ್ಲಿದ್ದ ಒಂದೇ ಒಂದು ಗುರುತನ್ನೂ ನಾನೇ ಅಳಿಸಿದ್ದೆ.

ಎಂಟು ದಿನ ಹೋಗಿ ಎರಡು ತಿಂಗಳಾಯಿತು. ಅವನ ಫೋನ್ ಒಮ್ಮೆ ಸ್ವಿಚ್ ಆಫ್, ಒಮ್ಮೆ ಹೆಂಡತಿ ಎತ್ತೋದು. ಫ್ಯಾಕ್ಟರಿಯವರು ಆರ್‌ಸಿ ಇಲ್ಲದೆ ಕರಾರು ಮಾಡಲಿಲ್ಲ. ಒಂದು ದಿನ ರಸ್ತೆಯಲ್ಲಿ ಹಿಡಿದು ದಂಡ ಹಾಕಿದರು. ಕೊನೆಗೆ ಪೊಲೀಸ್ ಠಾಣೆಗೆ ಹೋದೆ. ಅಲ್ಲಿದ್ದವರು ನನ್ನ ಬಾಂಡ್ ಓದಿ, ಮತ್ತೆ ಓದಿ, ಕೇಳಿದರು: "ಯಜಮಾನ್ರ, ಇದರಾಗ ಯಾವ ಟ್ರೇಲರ್ ಅಂತ ಎಲ್ಲಿ ಬರದೀರಿ?"

ಮಾರಿದವನನ್ನು ಕರೆಸಿದರು. ಅವನು ಬಂದು ನಿಂತು ತಣ್ಣಗೆ ಹೇಳಿದ: "ನಾ ಕೊಟ್ಟಿದ್ದು ಕೆಂಪು ಟ್ರೇಲರ್ ರೀ, ಕಾಗದ ಸಮೇತ ಕೊಟ್ಟೀನಿ. ಈ ನೀಲಿದು ನಂದಲ್ಲ."

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾಕ್ಷಿಗಳಲ್ಲಿ ಒಬ್ಬ ಅವನ ಕಡೆಯವನು, ಇನ್ನೊಬ್ಬ ಆ ದಲಾಲಿ. ಚಾಸಿ ನಂಬರ್ ಒಂದು ಬರೆಸಿದ್ದರೆ ಆ ಟ್ರೇಲರ್ ಅವನಿಂದಲೇ ನನಗೆ ಬಂತು ಅನ್ನೋದು ಅಲ್ಲೇ ಗೊತ್ತಾಗುತ್ತಿತ್ತು. ದುಡ್ಡು ವಾಪಸ್ ಕೇಳಿ ವಕೀಲರ ನೋಟಿಸ್ ಕೊಡಬಹುದಿತ್ತು. ಬರೆಸೋಕೆ ಹೋಗಿದ್ದರೆ ಕೆಸರು ಒರೆಸಿ ನಂಬರ್ ನೋಡಲೇಬೇಕಾಗುತ್ತಿತ್ತು, ನೋಡಿದ್ದರೆ ಇದು ಮಹಾರಾಷ್ಟ್ರದ ಗಾಡಿ ಅಂತ ಅವತ್ತೇ ತಿಳಿಯುತ್ತಿತ್ತು. ದುಡ್ಡು ಪೂರ್ತಿ ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ, ಕಾಗದದಲ್ಲಿ ನಂಬರ್ ಇದ್ದವರು ಹೇಗೋ ದಾರಿ ಕಂಡುಕೊಂಡಿದ್ದಾರೆ. ನನಗೆ ಆ ದಾರಿಯೂ ಇರಲಿಲ್ಲ.

ಆ ಹೊತ್ತಿಗೆ ನನಗೂ ನಿಮ್ಮ ಏಜೆಂಟ್ ತರಹದವನೇ ಒಬ್ಬ ಸಿಕ್ಕಿದ್ದ. ಅವನು ಕೇಳಿದ್ದು ಹದಿನೆಂಟು ಸಾವಿರ. ಹೇಗೆ ಮಾಡ್ತೀಯಪ್ಪ ಅಂತ ಕೂರಿಸಿಕೊಂಡು ವಿಚಾರಿಸಿದೆ. ಹೊಸ ಟ್ರೇಲರ್ ರಿಜಿಸ್ಟರ್ ಆಗಬೇಕಾದರೆ ಮಾರಿದವರ ಫಾರಂ 21 (ಮಾರಾಟದ ಪ್ರಮಾಣಪತ್ರ), ತಯಾರಿಸಿದವರ ಫಾರಂ 22 (ಗಾಡಿ ರಸ್ತೆಗೆ ಯೋಗ್ಯ ಅನ್ನೋ ಪ್ರಮಾಣಪತ್ರ) ಬೇಕು. ಅವನ ಲೆಕ್ಕ ಏನಂದರೆ, ಯಾವುದೋ ವರ್ಕ್‌ಶಾಪಿನಿಂದ ಹೊಸ ಬಿಲ್ಲು ಮತ್ತು ಈ ಫಾರಂಗಳನ್ನು ತರೋದು, ನನ್ನ ಟ್ರೇಲರ್ ಮೇಲಿನ ಹಳೇ ನಂಬರ್ ಗ್ರೈಂಡರ್‌ನಲ್ಲಿ ಉಜ್ಜಿ ಹೊಸ ನಂಬರ್ ಹೊಡೆಯೋದು. ನಿಮ್ಮವನೂ ಇದನ್ನೇ ಮಾಡೋದು, ಬೇರೆ ದಾರಿ ಇಲ್ಲ. ಯೋಚನೆ ಮಾಡಿ: ಆ ಟ್ರೇಲರ್ ಮೇಲೆ ಯಾರದೋ ಸಾಲ ಇರಬಹುದು, ಕಳವಾಗಿದೆ ಅಂತ ಎಲ್ಲೋ ದೂರು ಇರಬಹುದು. ಇವತ್ತು ನೀವು ಮೋಸ ಹೋದವರು. ನಂಬರ್ ಅಳಿಸಿದ ಮೇಲೆ ಕೇಸು ನಿಮ್ಮ ಮೇಲೆ. ಏಜೆಂಟ್ ಎಷ್ಟು ಕೇಳ್ತಾನೆ ಅನ್ನೋದನ್ನು ತಲೆಯಿಂದ ತೆಗೆದುಹಾಕಿ.

ಅಫಿಡವಿಟ್ ವಿಷಯವೂ ಅಷ್ಟೇ. ದಾಖಲೆಯಲ್ಲಿ ಹೆಸರಿರುವವರು ಕೇಳಿದರೆ ಮಾತ್ರ ಡುಪ್ಲಿಕೇಟ್ ಆರ್‌ಸಿ ಕೊಡ್ತಾರೆ. ನೀವು ನೋಟರಿ ಮುಂದೆ ಏನೇ ಪ್ರಮಾಣ ಮಾಡಿದರೂ ಓನರ್ ಆಗಲ್ಲ. "ನಾನು ಹೊಲದಾಗ ಅಷ್ಟೇ ಬಳಸ್ತೀನಿ, ರಿಜಿಸ್ಟ್ರೇಷನ್ ಯಾಕೆ ಬೇಕು" ಅನ್ನೋವ್ರೂ ಇದ್ದಾರೆ. ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. 39ನೇ ಸೆಕ್ಷನ್ ಸಾರ್ವಜನಿಕ ಜಾಗದ ಜೊತೆಗೆ "ಬೇರೆ ಯಾವುದೇ ಜಾಗ" ಅಂತಲೂ ಹೇಳುತ್ತೆ. ಟ್ರ್ಯಾಕ್ಟರ್‌ಗೆ ಒಂದು ಆರ್‌ಸಿ, ಟ್ರೇಲರ್‌ಗೆ ಬೇರೆ ಆರ್‌ಸಿ.

ಸರಿ, ನಾನು ಮಾಡಿದ್ದೇನು? ಒಂದು ಭಾನುವಾರ ಬೆಳಿಗ್ಗೆ ಸೀಮೆಎಣ್ಣೆ, ತಂತಿ ಬ್ರಷ್, ಎಮರಿ ಪೇಪರ್ ಹಿಡಿದು ಟ್ರೇಲರ್ ಮುಂದೆ ಕೂತೆ. ಮೇಲೆ ನಾನು ಹೊಡೆಸಿದ ನೀಲಿ, ಅದರ ಕೆಳಗೆ ಕೆಂಪು, ಅದರ ಕೆಳಗೆ ಹಸಿರು, ಆಮೇಲೆ ಇನ್ನೊಂದು ಕೆಂಪು. ಒಂದೊಂದೇ ಪದರ ಬಿಟ್ಟುಕೊಂಡು ಬಂತು. ಮೂಕಿಯ ಬಲಬದಿಯಲ್ಲಿ ಒಂದು ಸಣ್ಣ ತಗಡು ಸಿಕ್ಕಿತು. ವರ್ಕ್‌ಶಾಪಿನ ಹೆಸರು, ಸಾಂಗಲಿ ಕಡೆಯ ಒಂದು ಊರಿನ ಹೆಸರು. ತಗಡಿನ ಪಕ್ಕ ಕಬ್ಬಿಣದಲ್ಲೇ ಹೊಡೆದ ಅಂಕಿಗಳು. ಮಗಳು ತನ್ನ ನೋಟ್‌ಬುಕ್ಕಿನ ಹಾಳೆ ಹರಿದು ಅದರ ಮೇಲಿಟ್ಟು ಪೆನ್ಸಿಲ್‌ನಿಂದ ಮೆಲ್ಲಗೆ ಉಜ್ಜಿದಳು. ಬೆರಳಿಗೆ ಸಿಗದ ಅಂಕಿಗಳೂ ಹಾಳೆ ಮೇಲೆ ಬೆಳ್ಳಗೆ ಎದ್ದು ಬಂದವು. ಒಂದು ಅಂಕಿಯನ್ನು ಮಾತ್ರ ತುಕ್ಕು ತಿಂದಿತ್ತು, ಅದು 3 ಇರಬಹುದು, 8 ಇರಬಹುದು. ಆರ್‌ಟಿಒದಲ್ಲಿ ಕೇಳೋ ಪೆನ್ಸಿಲ್ ಪ್ರಿಂಟ್ ಅಂದರೆ ಇದೇ.

ಆ ಹಾಳೆ ಹಿಡಿದು ವರ್ಕ್‌ಶಾಪ್ ಹುಡುಕಿಕೊಂಡು ಹೋದೆ. ಅಲ್ಲಿನ ಹಿರಿಯರು ಬಹಳ ಒಳ್ಳೆಯವರು. ಅಟ್ಟದ ಮೇಲಿಂದ ಹಳೇ ಬಿಲ್ ಬುಕ್ ಇಳಿಸಿ ಒಂದೊಂದೇ ಪುಟ ತಿರುವಿದರು. 2009ರ ಬಿಲ್ಲು ಸಿಕ್ಕಿತು. ತುಕ್ಕು ತಿಂದ ಅಂಕಿ 8. ತಗೊಂಡವರು ಅದೇ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಒಬ್ಬ ರೈತರು, ಸಾಲ ಕೊಟ್ಟ ಫೈನಾನ್ಸ್ ಹೆಸರೂ ಬಿಲ್ಲಿನಲ್ಲಿತ್ತು.

ಜತ್ತ ಅಂದರೆ ಅರ್ಧ ನಮ್ಮದೇ ಮಾತು. ಆ ಹಿರಿಯರ ಮನೆಯಲ್ಲೂ ಕನ್ನಡವೇ. ಚಹಾ ಕೊಟ್ಟರು. "ಕಾಕಾ, ಟ್ರೇಲರ್ ಇನ್ನೂ ನಿಮ್ಮ ಹೆಸರಿನ್ಯಾಗ ಐತ್ರಿ" ಅಂದೆ. "ನಾ ಅದನ್ನ ಮಾರಿ ನಾಕೈದ ವರ್ಷ ಆತಲ್ಲೋ ತಮ್ಮಾ, ಆರ್‌ಸಿನೂ ಕೊಟ್ಟಬಿಟ್ಟೀನಿ" ಅಂದರು. ಅವರಿಂದ ತಗೊಂಡವನು ಹೆಸರು ಬದಲಾಯಿಸದೆ ಇನ್ನೊಬ್ಬನಿಗೆ ಮಾರಿದ್ದ, ಅವನು ನನಗೆ. ನಡುವೆ ಎಲ್ಲೋ ಆರ್‌ಸಿ ಕಳೆದುಹೋಗಿತ್ತು. ಸಹಿ ಅಂದ ಕೂಡಲೇ ಕಾಕಾ ಹಿಂದೆ ಸರಿದರು. ನನಗ್ಯಾಕೆ ಕೋರ್ಟು ಕಚೇರಿ ಅಂದರು. ಅವರ ಹೆದರಿಕೆ ತಪ್ಪಲ್ಲ.

ಆಗ ನಾನು ಇದ್ದದ್ದನ್ನೇ ಹೇಳಿದೆ. ಮಾರಿ ಎಷ್ಟೇ ವರ್ಷ ಆಗಿರಲಿ, ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಓನರ್, ಅಪಘಾತ ಆದರೆ ಪರಿಹಾರ ಕೊಡುವ ಹೊಣೆ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಟ್ರೇಲರ್ ಕೆಳಗೆ ನಾಳೆ ಯಾರಾದರೂ ಸಿಕ್ಕಿದರೆ ನೋಟಿಸ್ ಬರೋದು ನಿಮ್ಮ ಮನೆಗೆ ಕಾಕಾ ಅಂದೆ. ಹೆದರಿಸೋಕೆ ಅಂತ ಹೇಳಿದ್ದಲ್ಲ, ಅದು ಅವರಿಗೂ ಗೊತ್ತಿರಲೇಬೇಕಾದ ಮಾತು. ಅವರ ಮಗ ಒಳಗಿಂದ ಬಂದು ಎರಡು ಸಲ ಕೇಳಿಸಿಕೊಂಡ. ಆಮೇಲೆ ಟ್ರಂಕ್ ತೆಗೆದು ಹಳೇ ಇನ್ಶೂರೆನ್ಸ್ ಕಾಪಿ ಹುಡುಕಿ ಕೊಟ್ಟ. ಅದರಲ್ಲಿ ಎಂಎಚ್ 10ರಿಂದ ಶುರುವಾಗುವ ರಿಜಿಸ್ಟ್ರೇಷನ್ ನಂಬರ್ ಇತ್ತು.

ಅಲ್ಲಿಂದ ಮುಂದೆ ಬರೀ ಓಡಾಟ. ಕಾಕಾ ತಮ್ಮ ಠಾಣೆಯಲ್ಲಿ ಆರ್‌ಸಿ ಕಳೆದಿದೆ ಅಂತ ದೂರು ಕೊಟ್ಟು ಫಾರಂ 26ರಲ್ಲಿ ಡುಪ್ಲಿಕೇಟ್‌ಗೆ ಅರ್ಜಿ ಹಾಕಿದರು. ಸಾಲ ಎಂದೋ ತೀರಿಸಿದ್ದರೂ ಆರ್‌ಸಿ ಮೇಲೆ ಫೈನಾನ್ಸ್ ಹೆಸರು ಹಾಗೇ ಇತ್ತು. ಅದನ್ನು ತೆಗೆಸೋಕೆ ಫೈನಾನ್ಸ್‌ನವರ ಎನ್‌ಒಸಿ (ನಮ್ಮ ತಕರಾರಿಲ್ಲ ಅನ್ನೋ ಪತ್ರ) ಮತ್ತು ಅವರು ಸಹಿ ಮಾಡಿದ ಫಾರಂ 35 ಬೇಕು. ಹತ್ತಿರದ ಶಾಖೆ ಮುಚ್ಚಿತ್ತು, ಕೊಲ್ಹಾಪುರಕ್ಕೆ ಮೂರು ಸಲ ಹೋಗಿ ಬಂದೆ. ಎನ್‌ಒಸಿ ಮೇಲೆ ಮೂರು ತಿಂಗಳ ಗಡುವು ಬರೆದಿತ್ತು. ಅಷ್ಟರಲ್ಲಿ 2019ರ ಆಗಸ್ಟ್ ಬಂತು. ಆ ಪ್ರವಾಹ ನಿಮಗೂ ನೆನಪಿರಬೇಕು. ಸಾಂಗಲಿಯಲ್ಲಿ ಕೃಷ್ಣೆ ಬೀದಿಗೆ ಬಂದಿತ್ತು, ಇಲ್ಲಿ ಘಟಪ್ರಭೆ ನಮ್ಮ ಹೊಲದೊಳಗೇ ಹರಿಯುತ್ತಿತ್ತು. ಕಾಗದದ ವಿಚಾರ ಯಾರಿಗೆ ಬೇಕಾಗಿತ್ತು? ನೀರು ಇಳಿದು ನಾನು ಹೋಗೋ ಹೊತ್ತಿಗೆ ಗಡುವು ಮುಗಿದಿತ್ತು, ಹೊಸ ಎನ್‌ಒಸಿ ತಂದೆ. ಆಮೇಲೆ ಬೇರೆ ರಾಜ್ಯಕ್ಕೆ ಒಯ್ಯೋಕೆ ಫಾರಂ 28. ಇಲ್ಲಿ ಬಂದ ಮೇಲೆ ನಮ್ಮ ನಂಬರ್‌ಗೆ ಫಾರಂ 27, ಹೆಸರು ಬದಲಾವಣೆಗೆ ಕಾಕಾ ಸಹಿ ಮಾಡಿದ ಫಾರಂ 29 ಮತ್ತು 30. ಇನ್‌ಸ್ಪೆಕ್ಟರ್ ಬಗ್ಗಿ ಮೂಕಿ ಮೇಲಿನ ಅಂಕಿಗಳನ್ನು ಪೆನ್ಸಿಲ್ ಪ್ರಿಂಟ್ ಜೊತೆ ತಾಳೆ ನೋಡಿ, ಆ 8ರ ಹತ್ತಿರ ಬೆರಳು ನಿಲ್ಲಿಸಿದರು. ವರ್ಕ್‌ಶಾಪಿನ ಬಿಲ್ಲಿನ ನಕಲು ತೋರಿಸಿದೆ, ಒಪ್ಪಿದರು. ಆರ್‌ಸಿ ನನ್ನ ಹೆಸರಿಗೆ ಬಂದಾಗ ಒಂದು ವರ್ಷ ಕಳೆದಿತ್ತು. ಟ್ರೇಲರ್ ಬೆಲೆ ಬಿಟ್ಟು ಮೂವತ್ತೊಂದು ಸಾವಿರ ಖರ್ಚು. ಒಂದು ಹಂಗಾಮು ಪೂರ್ತಿ ಅದು ಬೇವಿನ ಮರದ ಕೆಳಗೆ ನಿಂತಿತ್ತು, ನಾನು ಬಾಡಿಗೆ ಟ್ರೇಲರ್‌ನಲ್ಲಿ ಕಬ್ಬು ಹೊಡೆದೆ.

ನಿಮ್ಮ ವಿಷಯಕ್ಕೆ ಬರ್ತೀನಿ. ಮಾರಿದವರು ಪರಿಚಯದವರು ಅಂತ ಬರೆದಿದ್ದೀರಿ, ಇನ್ನೂ ಫೋನ್ ಎತ್ತುತ್ತಿದ್ದಾರೆ. ನನಗಿಲ್ಲದ ಅನುಕೂಲ ಅದು, ಕಳಕೊಳ್ಳಬೇಡಿ. ಈ ವಾರವೇ ಚಾಸಿ ನಂಬರ್ ತೆಗೆಯಿರಿ. ಫೋಟೊ ತೆಗೆದು ಅವರಿಗೆ ವಾಟ್ಸಾಪ್‌ನಲ್ಲಿ ಕಳಿಸಿ, "ಅಣ್ಣಾ, ನೀವು ನನಗೆ ಮಾರಿದ ಈ ಟ್ರೇಲರ್‌ನ ಆರ್‌ಸಿ ಯಾರ ಹೆಸರಲ್ಲಿದೆ?" ಅಂತ ಕೇಳಿ. ಅವರು ಏನೇ ಉತ್ತರ ಕೊಡಲಿ, ಅದು ಬರಹದಲ್ಲಿ ಉಳಿಯುತ್ತೆ. ಆಮೇಲೆ ಹೊಸ ಬಾಂಡ್ ಬರೆಸಿ. ಅದರಲ್ಲಿ ಚಾಸಿ ನಂಬರ್ ಇರಲಿ, ಇಂಥ ತಾರೀಕಿನೊಳಗೆ ಆರ್‌ಸಿ ಕೊಡದಿದ್ದರೆ ದುಡ್ಡು ವಾಪಸ್ ಅಂತಲೂ ಇರಲಿ. ಪರಿಚಯ ಇದೆ ಅಂತ ಸಂಕೋಚ ಪಡಬೇಡಿ. ರಿಜಿಸ್ಟ್ರೇಷನ್ ನಂಬರ್ ಸಿಕ್ಕಿದರೆ ಸರ್ಕಾರದ ಎಂಪರಿವಾಹನ್ ಆಪ್‌ನಲ್ಲಿ ಹಾಕಿ ಗಾಡಿಯ ದಾಖಲೆ ನೋಡಿ.

ದಾಖಲೆಯ ಓನರ್ ಸಿಕ್ಕಿದರೆ ಅವರ ಮನೆಗೆ ನೀವೇ ಹೋಗಿ, ಏಜೆಂಟ್‌ನನ್ನು ಕಳಿಸಬೇಡಿ. ಓನರ್ ಸಿಗಲೇ ಇಲ್ಲ, ಇಲ್ಲವೇ ನಂಬರ್ ಇರಬೇಕಾದ ಕಡೆ ಗ್ರೈಂಡರ್ ಗುರುತು ಕಂಡಿತು ಅಂದರೆ ಟ್ರೇಲರ್ ವಾಪಸ್ ಕೊಟ್ಟು ದುಡ್ಡು ಕೇಳಿ. ಅರ್ಧ ಬಂದರೂ ತಗೊಳ್ಳಿ. ಅಂಥ ಟ್ರೇಲರ್ ಮೇಲೆ ಇನ್ನೊಂದು ರೂಪಾಯಿ ಹಾಕಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹೆಸರಿಗೆ ಆದ ಮೇಲೆ ಟ್ರ್ಯಾಕ್ಟರ್ ಪಾಲಿಸಿಯಲ್ಲಿ ಟ್ರೇಲರ್ ನಂಬರ್ ಕೂಡ ಸೇರಿಸಿದ್ದಾರಾ ಅಂತ ನೋಡಿಕೊಳ್ಳಿ.

ಬಣ್ಣ ಕೆರೆಯೋವಾಗ ಗ್ರೈಂಡರ್ ಮುಟ್ಟಬೇಡಿ, ಅಂಕಿಗಳೂ ಹೋಗ್ತವೆ. ಸೀಮೆಎಣ್ಣೆ ಹಚ್ಚಿ ಒಂದು ಗಂಟೆ ಬಿಟ್ಟು ತಂತಿ ಬ್ರಷ್‌ನಿಂದ ಉಜ್ಜಿ. ಮೂಕಿಯ ಬಲಬದಿ ಮೊದಲು ನೋಡಿ, ಅಲ್ಲಿಲ್ಲದಿದ್ದರೆ ಮುಂದಿನ ಅಡ್ಡಪಟ್ಟಿ ನೋಡಿ. ತಗಡಿನ ಮೇಲೆ ಸಾಂಗಲಿ, ಜತ್ತ ಕಡೆಯ ಊರಿದ್ದರೆ ಇಲ್ಲೇ ಬರೆಯಿರಿ, ಆ ಕಡೆ ಹೋಗಿ ಬಂದ ದಾರಿ ನನಗೆ ಗೊತ್ತಿದೆ, ಹೇಳ್ತೀನಿ.