ಓದುಗರ ಪ್ರಶ್ನೆ: ನಲವತ್ತರ ಆಸುಪಾಸಿನಲ್ಲಿ ಪಾರ್ಕಿನ್ಸನ್

ಪ್ರಶ್ನೆ: ನನಗೆ 41, ಹೈಸ್ಕೂಲ್ ಮೇಷ್ಟ್ರು. ಬಲಗೈ ನಡುಗುತ್ತದೆ, ಬೋರ್ಡಿನ ಮೇಲೆ ಬರೆಯುತ್ತ ಹೋದಂತೆ ಅಕ್ಷರ ಸಣ್ಣದಾಗುತ್ತದೆ. ಎರಡು ತಿಂಗಳ ಹಿಂದೆ ನರರೋಗ ತಜ್ಞರು ಪಾರ್ಕಿನ್ಸನ್ ಎಂದರು. ಸಿಂಡೋಪಾ 110 ದಿನಕ್ಕೆ ಮೂರು ಬರೆದಿದ್ದಾರೆ. ‘ಅದು ಐದು ವರ್ಷ ಅಷ್ಟೇ ಕೆಲಸ ಮಾಡೋದು, ಈಗಲೇ ಶುರು ಮಾಡ್ಬೇಡ’ ಎಂದು ನೆಂಟರೊಬ್ಬರು ಹೆದರಿಸಿದ್ದಾರೆ. ಮಾತ್ರೆ ನುಂಗಿದರೆ ವಾಕರಿಕೆ ಬೇರೆ. ಅದಕ್ಕೇ ತಿಂಡಿಯ ಜೊತೆ ತೆಗೆದುಕೊಂಡರೆ ಗುಣವೇ ಕಾಣುವುದಿಲ್ಲ. — ಹಾಸನ

ಉತ್ತರ: ‘ಐದು ವರ್ಷ’ದ ಮಾತು ಬಹಳ ಹಳೆಯದು, ಇನ್ನೂ ಸಾಯುತ್ತಿಲ್ಲ. ಸೋಲುವುದು ಮಾತ್ರೆಯಲ್ಲ. ಮನೆಯ ಸಂಪ್ ದೊಡ್ಡದಿದ್ದರೆ ನಲ್ಲಿ ನೀರು ಬೆಳಿಗ್ಗೆ ಒಂದು ಗಂಟೆ ಬಂದರೂ ದಿನ ಸಾಗುತ್ತದೆ. ಸಂಪ್ ಚಿಕ್ಕದಾದರೆ ನಲ್ಲಿ ಬಿಟ್ಟಾಗಷ್ಟೇ ನೀರು. ಮೈಯ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ಮಿದುಳಿನಲ್ಲಿ ಕೂಡಿಡುವ ನರಕೋಶಗಳೇ ಆ ಸಂಪ್. ನೀವು ಮಾತ್ರೆ ನುಂಗಲಿ ಬಿಡಲಿ, ಅವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತವೆ. ಘಾನಾ ದೇಶದಲ್ಲಿ ಲೆವೊಡೋಪಾ (ಮಿದುಳಿನಲ್ಲಿ ಡೋಪಮಿನ್ ಆಗುವ, ನಿಮ್ಮ ಮಾತ್ರೆಯ ಮುಖ್ಯ ಔಷಧ) ತಡವಾಗಿ ಸಿಕ್ಕ ರೋಗಿಗಳನ್ನೂ ಇಟಲಿಯಲ್ಲಿ ಬೇಗ ಸಿಕ್ಕವರನ್ನೂ ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾತ್ರೆಯ ಗುಣ ದಿನದಲ್ಲಿ ಏರಿಳಿಯುವ ತೊಂದರೆಗಳು ಇಬ್ಬರಲ್ಲೂ ರೋಗಕ್ಕೆ ಹೆಚ್ಚುಕಡಿಮೆ ಅಷ್ಟೇ ವರ್ಷವಾದಾಗ ಕಾಣಿಸಿಕೊಂಡಿದ್ದವು. ತಡಮಾಡಿದವರು ಗಳಿಸಿದ್ದೇನೂ ಇರಲಿಲ್ಲ, ನಡುವಿನ ವರ್ಷಗಳನ್ನು ಕಷ್ಟದಲ್ಲಿ ಕಳೆದರು ಅಷ್ಟೆ.

ನೆಂಟರ ಮಾತಿನಲ್ಲಿ ಒಂದು ಚೂರು ನಿಜವೂ ಇದೆ. 50ರೊಳಗೆ ರೋಗ ಶುರುವಾದವರಿಗೆ ಡಿಸ್ಕೈನೀಸಿಯಾ, ಅಂದರೆ ಮೈ ತಾನಾಗಿ ಹೊಯ್ದಾಡುವುದು, ವಯಸ್ಸಾದವರಿಗಿಂತ ಬೇಗ ಬರುತ್ತದೆ, ಡೋಸ್ ಏರಿದಂತೆ ಹೆಚ್ಚುತ್ತದೆ. ಆದ್ದರಿಂದ ಪಾಠ ಮಾಡಲು, ಬರೆಯಲು ಎಷ್ಟು ಬೇಕೋ ಅಷ್ಟೇ ಡೋಸ್ ಸಾಕು. ನಡುಕ ಪೂರ್ತಿ ನಿಲ್ಲಲೇಬೇಕೆಂದು ಹಟ ಹಿಡಿಯಬೇಡಿ.

ಇನ್ನು ವಾಕರಿಕೆ. ಸ್ಟ್ರಿಪ್ಪಿನ ಹಿಂಬದಿ ಓದಿ: 110ರಲ್ಲಿ ಲೆವೊಡೋಪಾ 100 ಮಿ.ಗ್ರಾಂ, ಕಾರ್ಬಿಡೋಪಾ 10. ಲೆವೊಡೋಪಾ ಮಿದುಳು ಮುಟ್ಟುವ ಮೊದಲೇ ಡೋಪಮಿನ್ ಆಗದಂತೆ ತಡೆಯುವುದು ಕಾರ್ಬಿಡೋಪಾ. ಆ ತಡೆ ಸರಿಯಾಗಿ ನಿಲ್ಲಲು ದಿನಕ್ಕೆ ಸುಮಾರು 75 ಮಿ.ಗ್ರಾಂ ಬೇಕು, ನಿಮಗೆ ಸಿಗುತ್ತಿರುವುದು 30. ಹೊರಗೇ ಆದ ಡೋಪಮಿನ್ ವಾಕರಿಕೆ ತರುತ್ತದೆ. 100 ಜೊತೆ 25 ಇರುವ ಮಾತ್ರೆಯೂ ಸಿಗುತ್ತದೆ. ಅದು ನಿಮಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಈ ವಾರವೇ ಕೇಳಿ, ಮೂರು ತಿಂಗಳ ಭೇಟಿಗೆ ಕಾಯಬೇಡಿ. ಮೆಡಿಕಲ್ ಸ್ಟೋರಿನಲ್ಲಿ ‘ವಾಂತಿಗೆ ಏನಾದರೂ ಕೊಡಿ’ ಎನ್ನಬೇಡಿ. ಪೆರಿನಾರ್ಮ್, ಸ್ಟೆಮೆಟಿಲ್ ಎರಡೂ ಮಿದುಳಿನಲ್ಲೇ ಡೋಪಮಿನ್ನಿಗೆ ಅಡ್ಡ ಬರುತ್ತವೆ, ನಡುಕ ಬಿಗಿತ ಎರಡೂ ಏರುತ್ತವೆ. ಬೇಕಾದರೆ ವೈದ್ಯರು ಸಾಮಾನ್ಯವಾಗಿ ಬರೆಯುವುದು ಡೊಂಪೆರಿಡೋನ್. ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ.

ತಿಂಡಿಯ ಜೊತೆ ಗುಣ ಕಾಣದಿರುವುದಕ್ಕೆ ಕಾರಣ ಪ್ರೋಟೀನ್. ಬೇಳೆ, ಹಾಲು, ಮೊಟ್ಟೆಯ ಪ್ರೋಟೀನ್ ಕರುಳಿನಿಂದ ಒಳಗೆ ಹೋಗುವ ದಾರಿಯೂ ಲೆವೊಡೋಪಾದ ದಾರಿಯೂ ಒಂದೇ. ನೂಕುನುಗ್ಗಲಿನಲ್ಲಿ ಮಾತ್ರೆ ಹಿಂದೆ ಬೀಳುತ್ತದೆ. ಬೆಳಿಗ್ಗೆ 7ಕ್ಕೆ ಮಾತ್ರೆ, 7.45ಕ್ಕೆ ತಿಂಡಿ, ಮಧ್ಯಾಹ್ನ 12.15ಕ್ಕೆ ಮಾತ್ರೆ, 1ಕ್ಕೆ ಊಟ, ಸಂಜೆ 5.30ಕ್ಕೆ ಇನ್ನೊಂದು. ನುಂಗುವಾಗ ತುಂಬಿದ ಲೋಟ ನೀರು, ಕಾಫಿಯಲ್ಲ. ಖಾಲಿ ಹೊಟ್ಟೆಗೆ ಸೇರದಿದ್ದರೆ ಅರ್ಧ ಬಾಳೆಹಣ್ಣೋ ಎರಡು ಬಿಸ್ಕತ್ತೋ ತಿನ್ನಿ. ಬೇಳೆ ಬಿಡಬೇಡಿ, ಮಾತ್ರೆಯಿಂದ ದೂರ ಇಡಿ. ಕಬ್ಬಿಣಾಂಶದ ಮಾತ್ರೆ ಇದ್ದರೆ ನಡುವೆ ಎರಡು ಗಂಟೆ ಬಿಡುವಿರಲಿ. ಮತ್ತೆ, ಯಾರು ಏನೇ ಹೇಳಲಿ, ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಜ್ವರ, ವಿಪರೀತ ಬಿಗಿತ ಬಂದು ಐಸಿಯು ಸೇರುವ ಸ್ಥಿತಿ ಬರಬಹುದು.

ಪ್ರಶ್ನೆ: ಯಜಮಾನರಿಗೆ 38. ಪ್ರಮಿಪೆಕ್ಸೋಲ್ ಶುರುವಾಗಿ ಐದು ತಿಂಗಳು. ಕೈ ಎಷ್ಟೋ ವಾಸಿ. ಆದರೆ ಎಂದೂ ಇಸ್ಪೀಟು ಮುಟ್ಟದವರು ಈಗ ಕ್ಲಬ್ಬಿನಲ್ಲೇ ಇರುತ್ತಾರೆ, ರಾತ್ರಿ ಎರಡರವರೆಗೆ ಮೊಬೈಲಿನಲ್ಲಿ ಏನೇನೋ ಆರ್ಡರ್ ಮಾಡುತ್ತಾರೆ. ಕೇಳಿದರೆ ರೇಗುತ್ತಾರೆ. — ದಾವಣಗೆರೆ

ಉತ್ತರ: ಇದು ಮಾತ್ರೆಯ ಕೆಲಸವಾಗಿರುವ ಸಾಧ್ಯತೆ ಹೆಚ್ಚು, ಅವರ ಗುಣದ ಮೇಲೆ ಹಾಕಬೇಡಿ. ಡೋಪಮಿನ್ನಿನಂತೆಯೇ ಕೆಲಸ ಮಾಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಜಾತಿಯ ಮಾತ್ರೆಗಳು ‘ಇನ್ನೊಮ್ಮೆ’ ಎನ್ನುವ ಆಸೆಯ ಕೇಂದ್ರವನ್ನೂ ಕೆಣಕುತ್ತವೆ: ಜೂಜು, ಖರೀದಿ, ತಿನ್ನುವ ಚಪಲ, ಕಾಮದ ಒತ್ತಡ. ಕಡಿಮೆ ವಯಸ್ಸಿನ ಗಂಡಸರಲ್ಲಿ ಇದರ ಅಪಾಯ ಹೆಚ್ಚು. ನಾಚಿಕೆಯಿಂದ ರೋಗಿ ಹೇಳುವುದಿಲ್ಲ, ಹೇಳಬೇಕಾದವರು ನೀವು. ಎಷ್ಟು ಹಣ, ಯಾವಾಗಿನಿಂದ ಎಂದು ಒಂದು ಚೀಟಿಯಲ್ಲಿ ಬರೆದು ವೈದ್ಯರಿಗೆ ಕೊಡಿ. ಡೋಸನ್ನು ಅವರೇ ಹಂತಹಂತವಾಗಿ ಇಳಿಸುತ್ತಾರೆ. ಒಮ್ಮೆಲೇ ಬಿಟ್ಟರೆ ಆತಂಕ, ಖಿನ್ನತೆ ಹಿಡಿಯಬಹುದು. ಅಲ್ಲಿಯವರೆಗೆ ಎಟಿಎಂ ಕಾರ್ಡು, ಯುಪಿಐ ಮಿತಿ ನಿಮ್ಮ ಕೈಯಲ್ಲಿರಲಿ. ಇದೇ ಮಾತ್ರೆ ಮುನ್ಸೂಚನೆ ಇಲ್ಲದೆ ನಿದ್ದೆಗೂ ಕೆಡವುತ್ತದೆ. ಹಾಗೇನಾದರೂ ಆಗಿದ್ದರೆ ಬೈಕ್ ಕೀ ಎತ್ತಿಡಿ.

ಪ್ರಶ್ನೆ: ನಸುಗುನ್ನಿ ಬೀಜದ ಪುಡಿಯಲ್ಲಿ ಇದೇ ಔಷಧವಿದೆಯಂತೆ, ಮಾತ್ರೆಯ ಬದಲು ಅದನ್ನೇ ತೆಗೆದುಕೊಳ್ಳಬಹುದೆ? — ಶಿರಸಿ

ಉತ್ತರ: ಇದೆ, ಲೆವೊಡೋಪಾವೇ. ಎಷ್ಟಿದೆ ಎನ್ನುವುದು ಬೀಜದಿಂದ ಬೀಜಕ್ಕೆ ಬದಲಾಗುತ್ತದೆ, ಕಾರ್ಬಿಡೋಪಾ ಅದರಲ್ಲಿಲ್ಲ. ಮಾತ್ರೆಯ ಮೇಲೆ ಪುಡಿಯನ್ನೂ ತಿಂದರೆ ಡೋಸ್ ಎರಡೆರಡಾಗುತ್ತದೆ. ಈಗಾಗಲೇ ತಿನ್ನುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ.

ಪ್ರಶ್ನೆ: ನನಗೆ 34. ನಾನು ಮದುವೆಯಾದದ್ದು ಸೋದರಮಾವನನ್ನೇ. ಮಕ್ಕಳಿಗೂ ಬರುತ್ತದೆಯೇ? — ಮಂಡ್ಯ

ಉತ್ತರ: ಎಲ್ಲರದ್ದೂ ವಂಶದಿಂದ ಬಂದದ್ದಲ್ಲ. ಆದರೆ ಇಷ್ಟು ಬೇಗ ಶುರುವಾದರೆ ಪಾರ್ಕಿನ್ ಎಂಬ ಜೀನಿನ ಅನುಮಾನ ಬರುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಆ ರೋಗ. ನಿಮ್ಮದು ಅದೇ ಆಗಿದ್ದರೆ ಮಗುವಿಗೆ ನಿಮ್ಮಿಂದ ಒಂದು ಪ್ರತಿ ಖಂಡಿತ ಹೋಗುತ್ತದೆ. ಸಾಮಾನ್ಯವಾಗಿ ಗಂಡ ಹೊರಗಿನವರಾದ್ದರಿಂದ ಅಷ್ಟಕ್ಕೇ ನಿಲ್ಲುತ್ತದೆ. ನಿಮ್ಮಲ್ಲಿ ಗಂಡ ನಿಮ್ಮ ತಾಯಿಯ ತಮ್ಮ, ಅವರಲ್ಲೂ ಅದೇ ಪ್ರತಿ ಇರಬಹುದು. ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಅಪಾಯ. ಆದ್ದರಿಂದ ಮೊದಲು ನಿಮ್ಮ ಪರೀಕ್ಷೆ, ಆಮೇಲೆ ಬೇಕಿದ್ದರೆ ಅವರದ್ದು, ಎರಡಕ್ಕೂ ಮುಂಚೆ ಜೆನೆಟಿಕ್ ಕೌನ್ಸೆಲಿಂಗ್. ಇದಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ವಿಲ್ಸನ್ ಕಾಯಿಲೆ ಅಲ್ಲವೆಂದು ನೋಡಿದ್ದಾರೆಯೇ? ಅದು ಮೈಯಲ್ಲಿ ತಾಮ್ರ ಕೂಡಿಕೊಳ್ಳುವ ರೋಗ, ಪಾರ್ಕಿನ್ಸನ್ನಿನ ವೇಷದಲ್ಲೇ ಬರುತ್ತದೆ, ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ರಕ್ತದಲ್ಲಿ ಸೆರುಲೋಪ್ಲಾಸ್ಮಿನ್, 24 ಗಂಟೆಯ ಮೂತ್ರದಲ್ಲಿ ತಾಮ್ರ, ಕಣ್ಣಿನ ಸ್ಲಿಟ್ ಲ್ಯಾಂಪ್ ಪರೀಕ್ಷೆ, ಇಷ್ಟರಲ್ಲಿ ಬಹುಪಾಲು ಗೊತ್ತಾಗುತ್ತದೆ.

ಪ್ರಶ್ನೆ: ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ. ಸಹಿ ಕುಗ್ಗಿ ಬ್ಯಾಂಕಿನಿಂದ ಚೆಕ್ ವಾಪಸ್ ಬಂತು. ಆಫೀಸಿಗೆ ಹೇಳಿದರೆ ಕೆಲಸ ಹೋಗುತ್ತದೆಯೇ? — ಕಲಬುರಗಿ

ಉತ್ತರ: ಹೋಗುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಇದೆ. ಸೇವೆಯಲ್ಲಿರುವಾಗ ವೈಕಲ್ಯ ಬಂದ ನೌಕರರನ್ನು ಸರ್ಕಾರಿ ಸಂಸ್ಥೆ ತೆಗೆಯಬಾರದು, ಹುದ್ದೆ ಇಳಿಸಬಾರದು; ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು ಎನ್ನುತ್ತದೆ 20ನೇ ಸೆಕ್ಷನ್. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಮೀಸಲಾತಿಯಂಥ ಸೌಲಭ್ಯಗಳಿಗೆ ಮಾತ್ರ ಕನಿಷ್ಠ 40 ಶೇಕಡಾ ವೈಕಲ್ಯ ಇರಬೇಕಾಗುತ್ತದೆ.

ಬ್ಯಾಂಕಿನಲ್ಲಿ ಮಾದರಿ ಸಹಿಯನ್ನೇ ಬದಲಾಯಿಸಿಕೊಳ್ಳಿ. ಸುರುಳಿ ಬಾಲವೆಲ್ಲ ಬಿಟ್ಟು, ಬಿಡಿಬಿಡಿ ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆಯುವುದೇ ಸಹಿಯಾಗಲಿ. ಮನೆಯಲ್ಲಿ ಒಂದನೇ ಕ್ಲಾಸಿನ ಎರಡು ಗೆರೆ ಕಾಪಿ ಪುಸ್ತಕ, ದಪ್ಪ ಪೆನ್ನು ಇಟ್ಟುಕೊಂಡು, ಪ್ರತಿ ಅಕ್ಷರವೂ ಮೇಲಿನ ಗೆರೆ ಮುಟ್ಟಲೇಬೇಕೆಂದು ದಿನಕ್ಕೆ ಹತ್ತು ನಿಮಿಷ ಬರೆಯಿರಿ. ಕಣ್ಣಿಗೆ ಗೆರೆ ಸಿಕ್ಕರೆ ಕೈ ಕುಗ್ಗುವುದು ಕಡಿಮೆ. ಬ್ಯಾಂಕಿಗೆ ಹೋಗುವಾಗ ಮಾತ್ರೆ ತೆಗೆದುಕೊಂಡು ಒಂದು ಗಂಟೆ ಆಗಿರಲಿ.