ಗೆರೆ ಎಲ್ಲಿದೆ, ತೋರಿಸಿ

ಪ್ರಿಯರೆ,

ಯುರೋಪಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡ್ ಉಡುಪಿನಲ್ಲಿರುವ, ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್‌ನ ಭಾವಚಿತ್ರದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಅವನ ಕೈಯಲ್ಲಿರುವ, ಜೋಡಿಯಾಗಿ ಬಾಗಿದ ಪುಟ್ಟ ಹೂಗಳನ್ನು ಚೆನ್ನಾಗಿ ಬಣ್ಣಿಸಿದ್ದೀರಿ. ಭಾಷೆಯೂ ಸಲೀಸಾಗಿದೆ. ಆದರೆ ಒಂದು ವಾಕ್ಯ ನನ್ನನ್ನು ಮುಂದಕ್ಕೆ ಬಿಡಲಿಲ್ಲ:

“ಹಿಮದ ನಡುವೆ ನಿಂತ ಯುವ ವಿಜ್ಞಾನಿಯನ್ನು ಕಣ್ಣಾರೆ ಕಂಡ ಡಂಕರ್ಟನ್, ತಾಮ್ರದ ಮೇಲೆ ಒಂದೊಂದೇ ಗೆರೆ ಕೊರೆದು ಆ ಮುಖಕ್ಕೆ ಜೀವ ತುಂಬಿದ್ದಾನೆ.”

‘ಕಣ್ಣಾರೆ ಕಂಡ’ ಅಂದರೆ ಯಾವಾಗ? ಲಿನೇಯಸ್ ಲ್ಯಾಪ್‌ಲ್ಯಾಂಡಿಗೆ ಹೋಗಿ ಬಂದದ್ದು 1732ರಲ್ಲಿ, ಮೇ ತಿಂಗಳಿಂದ ಅಕ್ಟೋಬರಿನವರೆಗೆ. ಆ ಉಡುಪಿನಲ್ಲಿ ಅವನನ್ನು ಮಾರ್ಟಿನ್ ಹಾಫ್‌ಮನ್ ಚಿತ್ರಿಸಿದ್ದು 1737ರಲ್ಲಿ, ಹಾಲೆಂಡಿನಲ್ಲಿ. ಅದನ್ನು ನೋಡಿ ರಾಬರ್ಟ್ ಡಂಕರ್ಟನ್ ಅಚ್ಚಿನ ತಗಡು ಸಿದ್ಧಮಾಡಿದ್ದು 1805ರಲ್ಲಿ. ಅಷ್ಟರಲ್ಲಿ ಲಿನೇಯಸ್ ತೀರಿಕೊಂಡು 27 ವರ್ಷವಾಗಿತ್ತು. ಇಂಥ ಅಚ್ಚುಗಳ ಕೆಳಗೆ ಸಾಮಾನ್ಯವಾಗಿ ಎಡಕ್ಕೆ ಚಿತ್ರಕಾರನ ಹೆಸರು, ಬಲಕ್ಕೆ ತಗಡಿನ ಕುಶಲಕರ್ಮಿಯ ಹೆಸರು ಇರುತ್ತದೆ. ನಿಮ್ಮ ಲೇಖನದಲ್ಲಿ ಹಾಫ್‌ಮನ್ ಹೆಸರೇ ಇಲ್ಲ. ಮೂಲ ಚಿತ್ರ ಬರೆದವನನ್ನು ಹೀಗೆ ಬಿಟ್ಟದ್ದು ನನಗೆ ನೋವಾಯಿತು.

ಇನ್ನು ‘ಒಂದೊಂದೇ ಗೆರೆ’. ಇದು ಮೆಝೊಟಿಂಟ್ ಎಂಬ ತಾಮ್ರದಚ್ಚಿನ ವಿಧಾನ. ಇಲ್ಲಿ ಮುಖ ಮೂಡುವುದು ಗೆರೆಯಿಂದಲ್ಲ. ಹಲ್ಲುಗಳಿರುವ ಉಪಕರಣವನ್ನು ತೊಟ್ಟಿಲಿನಂತೆ ತೂಗುತ್ತ, ಎಲ್ಲ ದಿಕ್ಕಿನಿಂದಲೂ ತಾಮ್ರದ ತಗಡನ್ನು ಒರಟು ಮಾಡುತ್ತಾರೆ. ಆಗಲೇ ಮಸಿ ಹಚ್ಚಿ ಒತ್ತಿದರೆ ಕಾಗದವೆಲ್ಲ ಮಖಮಲ್ಲಿನಂಥ ಕಪ್ಪು. ಆಮೇಲೆ ಹಣೆ, ಕೆನ್ನೆ, ಹೂವು, ಎಲ್ಲೆಲ್ಲಿ ಬೆಳಕು ಬೇಕೋ ಅಲ್ಲಲ್ಲಿ ಕೆರೆದು ನುಣುಪು ಮಾಡುತ್ತಾರೆ. ನುಣುಪಾದಲ್ಲಿ ಮಸಿ ನಿಲ್ಲುವುದಿಲ್ಲ. ಕತ್ತಲೆಯೊಳಗಿಂದ ಮುಖವನ್ನು ಹೊರತೆಗೆಯುವ ಕೆಲಸ ಅದು. ಇಷ್ಟು ದೊಡ್ಡ ಸಂಗತಿಯನ್ನು ಕೈಯಲ್ಲಿಟ್ಟುಕೊಂಡು ‘ಗೆರೆ ಕೊರೆದು’ ಎಂದು ಬರೆದುಬಿಟ್ಟಿರಲ್ಲ!

ನಾನು ಕೆಲಸ ಕಲಿತದ್ದು ಅಚ್ಚಿನ ಮೊಳೆ ಜೋಡಿಸುವ ಮುದ್ರಣಾಲಯದಲ್ಲಿ. ಒಮ್ಮೆ ಹಾಫ್‌ಟೋನ್ ಬ್ಲಾಕಿನ ಫೋಟೊ ಕೆಳಗೆ ‘ರೇಖಾಚಿತ್ರ’ ಎಂದು ಬರೆದುಕೊಟ್ಟಿದ್ದೆ. ಹಿರಿಯರು ಬೈಯಲಿಲ್ಲ. ಭೂತಗನ್ನಡಿ ಕೈಗಿತ್ತು, “ಗೆರೆ ಎಲ್ಲಿದೆ, ತೋರಿಸಯ್ಯಾ” ಅಂದರು. ಇದ್ದದ್ದೆಲ್ಲ ಚುಕ್ಕಿ. ಅರ್ಧ ಗಂಟೆ ಹುಡುಕಿದೆ, ಕಿವಿ ಬಿಸಿಯಾಗಿತ್ತು. ಪ್ರೂಫ್ ತಿದ್ದಿಕೊಟ್ಟ ಮೇಲೆಯೇ ಊಟಕ್ಕೆ ಬಿಟ್ಟರು.

ನೀವು ನೋಡಿದ ಪ್ರತಿಯನ್ನು ದೊಡ್ಡದು ಮಾಡಿ, ಲಿನೇಯಸ್‌ನ ಕೆನ್ನೆ ನೆರಳಿಗೆ ಸರಿಯುವ ಜಾಗವನ್ನು ಮಾತ್ರ ನೋಡಿ. ಆ ಪ್ಯಾರಾ ಒಂದನ್ನೇ ಮತ್ತೆ ಬರೆದು ಕಳಿಸಿ. ಕಾಯುತ್ತಿರುತ್ತೇನೆ.